ಭಾವನವರ ಬೆಳ್ಳಿ ಪ್ರಾಣಿಗಳು

ನಮ್ಮ ಭಾವ ಸಿದ್ದಬಸಪ್ಪನವರ ಮನೆಗೆ ಹೋದವರಿಗೆ ಮೊದಲು ನೀರು ಕೊಡುವ ಪದ್ಧತಿ ಇರಲಿಲ್ಲ. ಮೊದಲು ಇಲಿ ತೋರಿಸುತ್ತಿದ್ದರು. ಬೆಳ್ಳಿ ನಾಣ್ಯದ ಮೇಲಿನ ಇಲಿ. ಅದನ್ನು ನೋಡಿ "ಅಬ್ಬಾ!" ಅಂದವರಿಗೆ ನೀರು ಬರುತ್ತಿತ್ತು, ಇನ್ನೊಂದು ಸಲ ಅಂದರೆ ಕಾಫಿಯೂ ಬರುತ್ತಿತ್ತು. ನಾನು ಒಂದು ಸಲವೂ ಅನ್ನಲಿಲ್ಲ. ಹಾಗಾಗಿ ಆ ಮನೆಯಲ್ಲಿ ನಾನು ಕುಡಿದ ಕಾಫಿಯೆಲ್ಲ ಅಡುಗೆಮನೆಯಲ್ಲಿ, ಅಕ್ಕನ ಪಕ್ಕ ಮಣೆ ಹಾಕಿಕೊಂಡು ಕುಡಿದದ್ದು.

ಭಾವ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಇದನ್ನು ಓದಿದರೆ ಓದಲಿ. ಓದಿ ಕೋಪ ಬಂದರೆ ಅರಸೀಕೆರೆಗೆ ಬಂದು ನನ್ನ ಹತ್ತಿರವೇ ಜಗಳ ಆಡಲಿ, ಅಕ್ಕನ ಮೇಲೆ ತೀರಿಸಿಕೊಳ್ಳುವುದು ಬೇಡ.

ಅವರದು ಮಾದಿಹಳ್ಳಿ. ಅಪ್ಪ ಬಿಟ್ಟುಹೋದ ತೆಂಗಿನ ತೋಟ ಇತ್ತು, ಕಾಲುವೆ ಪಕ್ಕ ಗದ್ದೆ ಇತ್ತು. ಮೈ ಬಗ್ಗಿಸಿದ್ದರೆ ಊರಿಗೇ ಅನ್ನ ಹಾಕಬಹುದಿತ್ತು. ಆದರೆ ಭಾವನವರ ಮೈ ಬಗ್ಗುವಂಥದ್ದಲ್ಲ. ತೋಟ ಗದ್ದೆ ಎರಡನ್ನೂ ತಮ್ಮಯ್ಯ ಅನ್ನುವವರಿಗೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಬಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟು, ಕಪ್ಪು ಕನ್ನಡಕ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹಳೇಬೀಡಿಗೆ ಹೋಗುತ್ತಿದ್ದರು. ಅಲ್ಲಿ ದೇವಸ್ಥಾನಕ್ಕೆ ಬರುವ ಪರದೇಶದವರಿಗೆ ಗೈಡ್. ಸುಗ್ಗಿಯಲ್ಲಿ ರಾಗಿ ಒಕ್ಕಣೆ ನಡೆಯುವಾಗ ಕಣದ ಕಡೆ ತಲೆ ಹಾಕದ ಮನುಷ್ಯ, ಬಿಸಿಲಲ್ಲಿ ನಿಂತು ಕಲ್ಲಿನ ಆನೆ ತೋರಿಸುವುದಕ್ಕೆ ಎಂದೂ ಬೇಸರಪಡಲಿಲ್ಲ.

ಅವರ ಇಂಗ್ಲಿಷು ಒಂದೇ ಉಸಿರಿನ ಇಂಗ್ಲಿಷು. ಮಗ್ಗಿ ಒಪ್ಪಿಸಿದ ಹಾಗೆ. ಮಧ್ಯೆ ಯಾರಾದರೂ ಏನಾದರೂ ಕೇಳಿಬಿಟ್ಟರೆ "ವೆರಿ ಗುಡ್ ಕ್ವೆಶ್ಚನ್" ಎಂದು ಹೇಳಿ, ಆನೆಯ ಸಾಲಿನಿಂದ ಮತ್ತೆ ಮೊದಲಿಗೇ ಶುರು ಮಾಡುತ್ತಿದ್ದರು. ನಾನು ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಕಿವಿಯಾರೆ ಕೇಳಿದ್ದೇನೆ. ಗೋಡೆಯ ಮಕರವನ್ನು ತೋರಿಸಿ, ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ ಎಂದು ಒಂದೊಂದಾಗಿ ಬೆರಳಿಟ್ಟು ಹೇಳುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. ಈ ಮಕರ ಹಿಂದೆ ನಮ್ಮ ದ್ವಾರಸಮುದ್ರದ ಕೆರೆಯಲ್ಲಿ ನಿಜವಾಗಿಯೂ ಇತ್ತು, ಕೊನೆಯದನ್ನು ನಮ್ಮ ಮುತ್ತಜ್ಜ ನೋಡಿದ್ದರು ಎಂದೂ ಸೇರಿಸುತ್ತಿದ್ದರು. ಪರದೇಶದವರು ಬರೆದುಕೊಳ್ಳುತ್ತಿದ್ದರು. ನನ್ನ ಮಕ್ಕಳು ಪಾಪ, ಅವರೂ ಬರೆದುಕೊಂಡರು. ಬಸ್ಸಿನಲ್ಲಿ ಕೂರಿಸಿಕೊಂಡು ಬರೆದದ್ದನ್ನು ಹೊಡೆದು ಹಾಕಿಸಬೇಕಾಯಿತು.

ತೊಂಬತ್ತಾರರಲ್ಲಿ ಸಿಂಗಾಪುರದಿಂದ ಒಬ್ಬ ಚೀನೀ ಮುದುಕ ಬಂದ. ಮಕರವನ್ನು ನೋಡಿ ಖುಷಿಯಾಗಿ, ನಮ್ಮ ಕಡೆಯೂ ಹೀಗೇ ಹತ್ತು ಪ್ರಾಣಿ ಸೇರಿದ ಒಂದು ಪ್ರಾಣಿ ಇದೆ, ಅದೇ ಡ್ರ್ಯಾಗನ್ ಅಂದನಂತೆ. ಚೀನೀಯರ ಲೆಕ್ಕದಲ್ಲಿ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ವರ್ಷಕ್ಕೆ ಒಂದು ಸುತ್ತು. ಇಲಿಯಿಂದ ಶುರುವಾಗಿ ಹಂದಿಗೆ ಮುಗಿಯುತ್ತದೆ. ಆಯಾ ವರ್ಷ ಆಯಾ ಪ್ರಾಣಿಯ ಬೆಳ್ಳಿ ನಾಣ್ಯ ಹೊರಡಿಸುತ್ತಾರೆ. ಮುದುಕ ಇಷ್ಟನ್ನೂ ವಿವರಿಸಿ, "ನೀವು ಹುಟ್ಟಿದ್ದು ಯಾವಾಗ?" ಅಂದ. ಭಾವ ಅರವತ್ತನೇ ಇಸವಿ ಅಂದರು. "ಹಾಗಾದರೆ ನೀವು ಇಲಿ" ಅಂದವನೇ ಆ ವರ್ಷದ ಇಲಿ ನಾಣ್ಯವನ್ನು ಕೈಗಿಟ್ಟು ಹೋದ.

ನಮ್ಮ ಕಡೆ ಯಾರನ್ನಾದರೂ ಇಲಿ ಅಂದರೆ ಅವರು ಮಾತು ಬಿಡುತ್ತಾರೆ. ಭಾವ ಅದನ್ನು ಮಹಾರಾಜರು ಕೊಟ್ಟ ಬಿರುದಿನ ಹಾಗೆ ಹೊತ್ತುಕೊಂಡು ಬಂದರು. ಇಲಿ ವರ್ಷದವರು ಬುದ್ಧಿವಂತರು, ಸಂಗ್ರಹ ಮಾಡುವವರು, ಅವರ ಕೈಯಿಂದ ಏನೂ ಜಾರುವುದಿಲ್ಲ ಎಂದು ಊರೆಲ್ಲ ಸಾರಿದರು. ತಾವು ಹುಟ್ಟಿದ ನಕ್ಷತ್ರ ಕೇಳಿದರೆ ಹೆಂಡತಿಯ ಮುಖ ನೋಡುವ ಮನುಷ್ಯ, ಯಾರು ಸಿಕ್ಕರೂ ಇಸವಿ ಕೇಳಿ ನೀನು ಕೋಳಿ, ನೀನು ನಾಯಿ ಎಂದು ಹಂಚತೊಡಗಿದರು. ಹಗರೆಯ ಬಸ್ ಸ್ಟಾಪಿನಲ್ಲಿ ಒಬ್ಬನನ್ನು ಹಂದಿ ಅಂದು ಒದೆ ತಿನ್ನುವುದರಲ್ಲಿದ್ದರು. ಮಗಳು ನಯನಾ ಮೊಲವಾದಳು. ಅಕ್ಕ ಶಿವಗಂಗಮ್ಮನ ಇಸವಿಯನ್ನು ಮಾತ್ರ ಕೇಳಲಿಲ್ಲ. "ಅವಳು ಎತ್ತು ಬಿಡು, ದುಡಿಯೋದು ನೋಡಿದ್ರೆ ಗೊತ್ತಾಗಲ್ವಾ?" ಅಂದುಬಿಟ್ಟರು. ಅದನ್ನು ಹೊಗಳಿಕೆ ಎಂದೇ ಅಂದುಕೊಂಡಿದ್ದರು ಅನ್ನುವುದು ಇನ್ನೂ ಕೆಟ್ಟದ್ದು.

ಮಾರನೆಯ ವರ್ಷ ತೋಟದ ಹಲಸಿನ ಮರ ಕಡಿಸಿ, ಆಚಾರಿಯಿಂದ ಒಂದು ಪೆಟ್ಟಿಗೆ ಮಾಡಿಸಿದರು. ಒಳಗೆ ಕೆಂಪು ಮಕಮಲ್ಲು, ಹನ್ನೆರಡು ದುಂಡನೆಯ ಗುಳಿ. ಆಗ ಅವರ ಹತ್ತಿರ ಇದ್ದದ್ದು ಎರಡೇ ನಾಣ್ಯ. ಹಾರನಹಳ್ಳಿಯಿಂದ ಮಗಳನ್ನು ನೋಡಲು ಬಂದಿದ್ದ ನಮ್ಮವ್ವ ಆ ಪೆಟ್ಟಿಗೆಯೊಳಗೆ ಇಣುಕಿ, "ಫಲ ಕೊಡೋ ಮರ ಕಡ್ದು ಗುಳಿ ತೋಡವ್ನೆ" ಎಂದಳು. ಅಷ್ಟೇ. ಅವ್ವ ಅಳಿಯನ ಬಗ್ಗೆ ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ.

ಆಮೇಲೆ ವರ್ಷಕ್ಕೊಮ್ಮೆ ಬೆಂಗಳೂರಿನ ಯಾವುದೋ ನಾಣ್ಯದ ಅಂಗಡಿಗೆ ಯಾತ್ರೆ. ಹೊಸ ಪ್ರಾಣಿ ಬಂದ ದಿನ ಮನೆಯಲ್ಲಿ ಬಾಣಂತಿ ಬಂದಷ್ಟು ಜೋಪಾನ. ಬರಿಗೈಯಲ್ಲಿ ಮುಟ್ಟಬಾರದು, ಉಸಿರು ತಾಗಬಾರದು. ಹುಲಿ ಬಂದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕ ಮನೆಯ ಬೆಳ್ಳಿಯನ್ನೆಲ್ಲ ವಿಭೂತಿ ಹಾಕಿ ತಿಕ್ಕಿದಳು. ನಮ್ಮಲ್ಲಿ ಬೆಳ್ಳಿ ಬೆಳಗುವುದೇ ಹಾಗೆ. ಇದೂ ಬೆಳ್ಳಿ ತಾನೆ ಎಂದು ಹುಲಿಯನ್ನೂ ಸೇರಿಸಿ ತಿಕ್ಕಿದಳು. ಸಂಜೆ ಭಾವ ನೋಡುತ್ತಾರೆ, ಹುಲಿ ಫಳಫಳ ಹೊಳೆಯುತ್ತಿದೆ, ಮೀಸೆ ಮಾಯವಾಗಿದೆ. ಹಬ್ಬದ ದಿನ ಉಣ್ಣಲಿಲ್ಲ, ಹೆಂಡತಿಗೆ ಉಣ್ಣಲು ಬಿಡಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಎದುರಿಗೇ "ನಿಮ್ಮಪ್ಪನ ಮನೇಲಿ ಬೆಳ್ಳಿ ಕಂಡಿದ್ರೆ ತಾನೆ!" ಎಂದು ಕೂಗಾಡಿದರು. ಅವತ್ತಿನಿಂದ ಪೆಟ್ಟಿಗೆಗೆ ಬೀಗ, ಬೀಗದ ಕೈ ಅವರ ಉಡಿದಾರಕ್ಕೆ.

ನಮ್ಮಪ್ಪನ ಮನೆಯ ಬೆಳ್ಳಿಯ ಮಾತು ಬಂತಲ್ಲ, ಅದನ್ನೂ ಹೇಳಬೇಕು. ಅಕ್ಕನ ಮದುವೆ ಗೊತ್ತಾದಾಗ ಅವ್ವ ಅರಸೀಕೆರೆಯ ಅಕ್ಕಸಾಲಿಯನ್ನು ಮನೆಗೆ ಕರೆಸಿದಳು. ಜಗಲಿಯ ಮೇಲೆ ಕೂತು, ತನ್ನ ಸೊಂಟದ ಬೆಳ್ಳಿ ಡಾಬನ್ನು ಬಿಚ್ಚಿ ಕೊಟ್ಟು, ಕಣ್ಣೆದುರಿಗೇ ಕರಗಿಸಿದಳು. ಅದರಲ್ಲಿ ಅಕ್ಕನಿಗೆ ಒಂದು ಜೊತೆ ದೀಪದ ಕಂಬ ಆಯಿತು. ಉಳಿದದ್ದರಲ್ಲಿ ನನಗೊಂದು ತಟ್ಟೆ. ಡಾಬು ಇಲ್ಲದ ಮೇಲೆ ಅವ್ವ ಸಾಯುವವರೆಗೂ ಸೀರೆಯ ಮೇಲೆ ಒಂದು ಹಳೇ ಸೆರಗಿನ ಚೂರು ಸುತ್ತಿಕೊಂಡೇ ಗದ್ದೆಗೆ ಹೋದಳು. ದೀಪ ಕೊಡುವಾಗ ಅಕ್ಕನಿಗೆ ಒಂದೇ ಮಾತು ಹೇಳಿದ್ದಳು, "ಸುಕ್ರವಾರ ಸಂಜೆ ಹೊಸ್ತಿಲ ಎರಡು ಕಡೆಗೂ ಹಚ್ಚಿಡವ್ವ. ಅದು ನಿನ್ನ ಬಾಗ್ಲು ಅಂತ ಗೊತ್ತಾಗ್ಲಿ." ಅಕ್ಕ ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ. ಮಾದಿಹಳ್ಳಿಯ ಹಳೆಯ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಎರಡು ದೀಪ ಮಾತ್ರ. ಉಳಿದದ್ದಕ್ಕೆಲ್ಲ ಯಜಮಾನರು ಇದ್ದರು.

ಎರಡು ಸಾವಿರದ ಇಸವಿ ಡ್ರ್ಯಾಗನ್ ವರ್ಷ. ಹನ್ನೆರಡರಲ್ಲಿ ಅದಕ್ಕೇ ಬೆಲೆ ಜಾಸ್ತಿ, ಚೀನೀಯರು ಆ ವರ್ಷಕ್ಕೇ ಕಾದು ಮಕ್ಕಳನ್ನು ಹೆರುತ್ತಾರಂತೆ. ಅಂಗಡಿಯವನು ಹೇಳಿದ ಬೆಲೆ ಕೇಳಿ ಭಾವ ಖಾಲಿ ಕೈಯಲ್ಲಿ ಹಿಂದಿರುಗಿ ಬಂದಿದ್ದರು. ಅದೇ ವರ್ಷ ಅವ್ವನ ವರ್ಷದ ಪೂಜೆ. ನಾವಿಬ್ಬರೂ ಹಾರನಹಳ್ಳಿಗೆ ಹೋಗಿದ್ದೆವು. ಭಾವ ಟೂರಿಸ್ಟ್ ಸೀಸನ್ ಎಂದು ಬರಲಿಲ್ಲ. ಪೂಜೆ ಮುಗಿಸಿ ಅಕ್ಕನ ಜೊತೆ ನಾನೂ ಮಾದಿಹಳ್ಳಿಗೆ ಬಂದೆ. ಅವತ್ತು ಶುಕ್ರವಾರ. ಅಕ್ಕ ಬತ್ತಿ ಹೊಸೆದುಕೊಂಡು ದೇವರ ಗೂಡಿನ ಹತ್ತಿರ ಹೋದಳು. ಗೂಡಿನಲ್ಲಿ ದೀಪ ಇರಲಿಲ್ಲ. ಎಣ್ಣೆಯ ಎರಡು ಗುಂಡನೆ ಕಲೆ ಇತ್ತು.

ಭಾವ ಪೆಟ್ಟಿಗೆಯ ಮುಂದೆ ಕೂತಿದ್ದರು. ಮುಖದಲ್ಲಿ ಮದುವೆ ಗಂಡಿನ ಕಳೆ.

"ಬಾ ಶಿವಗಂಗಾ, ನೋಡು. ಡ್ರ್ಯಾಗನ್. ನಮ್ಮ ಮಕರದ ತಮ್ಮ."

"ದೀಪ ಎಲ್ರೀ?"

"ಅದೇ ಕಣೇ ಇದು. ಬೆಳ್ಳಿ ಕೊಟ್ಟೆ, ಬೆಳ್ಳಿ ತಂದೆ. ಮನೆಯಿಂದ ಏನ್ ಹೋಯ್ತು ಹೇಳು? ಆ ದೀಪ ಸಾವಿರ ಮನೇಲಿ ಐತೆ. ಇದು ಇಡೀ ಜಿಲ್ಲೆಗೆ ಒಂದೇ."

ಅಕ್ಕ ಬತ್ತಿ ಹಿಡಿದುಕೊಂಡೇ ಹಿತ್ತಲಿಗೆ ಹೋದಳು. ಅನ್ನಬೇಕಾದದ್ದನ್ನೆಲ್ಲ ನಾನು ಅಂದೆ. ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ, ಪಕ್ಕದ ಮನೆಯವರು ಗೋಡೆಗೆ ಕಿವಿ ಇಟ್ಟು ಕೇಳಿದ್ದಾರೆ, ಬೇಕಾದವರು ಅವರನ್ನೇ ಕೇಳಬಹುದು. ಅವ್ವನ ಪೂಜೆಯ ದಿನ ಅವ್ವನ ಬೆಳ್ಳಿ ಮಾರಿದ ಮನುಷ್ಯನನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಭಾವ ಕರ್ಚೀಫಿನಿಂದ ಡ್ರ್ಯಾಗನ್ ಒರೆಸುತ್ತಾ, "ಮೀನಾಕ್ಷಿ, ನಿಂಗೆ ಇದೆಲ್ಲಾ ಅರ್ಥ ಆಗಲ್ಲ ಬಿಡಮ್ಮ, ನೀನು ಪ್ರೈಮರಿ ಸ್ಕೂಲ್ ಟೀಚರು" ಅಂದರು. ಅಕ್ಕ ಹಿತ್ತಲಿಂದ ಎರಡು ಮಣ್ಣಿನ ಹಣತೆ ತಂದು ಹೊಸ್ತಿಲ ಎರಡೂ ಕಡೆ ಹಚ್ಚಿಟ್ಟಳು. ಅಕ್ಕ ಹುಟ್ಟಿದ್ದು ಅರವತ್ನಾಲ್ಕರಲ್ಲಿ. ಪ್ರೈಮರಿ ಸ್ಕೂಲಿನ ಲೆಕ್ಕದಲ್ಲೂ ಎರಡು ಸಾವಿರದಿಂದ ಹನ್ನೆರಡು ಹನ್ನೆರಡು ಕಳೆಯುತ್ತಾ ಬಂದರೆ ಅದು ಡ್ರ್ಯಾಗನ್ ವರ್ಷ. ಎತ್ತು ಅಲ್ಲ.

ಮುಂದಿನ ವರ್ಷಗಳಲ್ಲಿ ಹಾವು ಬಂತು, ಕುದುರೆ ಬಂತು, ಕುರಿ ಕೋತಿ ಎಲ್ಲ ಬಂದವು. ಭಾವನ ಹೆಸರು ಬೇಲೂರು ಹಳೇಬೀಡಿನ ಕಡೆ 'ಬೆಳ್ಳಿ ಸಿದ್ದಬಸಪ್ಪ' ಎಂದೇ ಆಯಿತು. ನಮ್ಮ ಜನಕ್ಕೂ ಬುದ್ಧಿ ಇಲ್ಲ. ಹಿಂದಿನಿಂದ ನಗುವವರೇ ಎದುರಿಗೆ "ನಿಮ್ದು ಬಿಡಿ ಸಾರ್, ಇಂಟರ್‌ನ್ಯಾಷನಲ್ಲು" ಅನ್ನುವರು. ಬಂದವರಿಗೆಲ್ಲ ಹೋಟೆಲಿನಿಂದ ಮಸಾಲೆ ದೋಸೆ ತರಿಸಿಕೊಡುವ ಭಾವ, ನಯನಾ ಕಾಲೇಜಿಗೆ ಎರಡು ಜೊತೆ ಬಟ್ಟೆ ಬೇಕು ಅಂದರೆ ತೋಟದಲ್ಲಿ ಕಾಯಿ ಇಲ್ಲ ಅನ್ನುವರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಎರಡು ಸಾವಿರದ ಆರರಲ್ಲಿ ಹಳೇಬೀಡಿನ ಬೇಲೂರು ರಸ್ತೆಯಲ್ಲಿ ಹೊಸ ಮನೆ ಕಟ್ಟಲು ಶುರು ಮಾಡಿದರು. ಮಾದಿಹಳ್ಳಿಗೆ ದೊಡ್ಡ ಮನುಷ್ಯರು ನೋಡಲು ಬರುವುದಿಲ್ಲವಂತೆ. ಗೋಡೆ ಏಳುವ ಮೊದಲು ಮುಂಬಾಗಿಲ ಚೌಕಟ್ಟು ನಿಲ್ಲಿಸುವ ಶಾಸ್ತ್ರ, ವಾಸಕಾಲು ಪೂಜೆ. ಹೊಸ್ತಿಲು ಕೂರುವ ಜಾಗದಲ್ಲಿ ಚಿಕ್ಕ ಗುಳಿ ತೋಡಿ, ನವಧಾನ್ಯ ಹಾಕಿ, ಹಾಲು ತುಪ್ಪ ಬಿಟ್ಟು, ಒಂದು ಬೆಳ್ಳಿ ನಾಣ್ಯ ಇಡುತ್ತಾರೆ. ಅದರ ಮೇಲೆ ಚೌಕಟ್ಟು ಕೂರಿಸಿ ಗಾರೆ ಹಾಕಿದರೆ ಮುಗಿಯಿತು, ಮನೆ ಇರುವವರೆಗೆ ಅದನ್ನು ಅಲುಗಾಡಿಸುವಂತಿಲ್ಲ. ಗುಡಿಸಲು ಕಟ್ಟುವವರೂ ಇದನ್ನು ತಪ್ಪಿಸುವುದಿಲ್ಲ. ಬೆಳ್ಳಿಗೆ ಗತಿ ಇಲ್ಲದವರು ಮಾತ್ರ ರೂಪಾಯಿ ಬಿಲ್ಲೆ ಇಡುತ್ತಾರೆ.

ಶಾಸ್ತ್ರಕ್ಕೆ ಭಾವ ಊರನ್ನೇ ಕರೆದಿದ್ದರು. ಹಗರೆಯ ಜಮೀನುದಾರರು, ಬೇಲೂರಿನ ಗೈಡುಗಳು, ನಿವೃತ್ತ ಹೆಡ್‌ಮಾಸ್ಟರ್ ಗಂಗಯ್ಯನವರು, ತಾಲ್ಲೂಕು ಪಂಚಾಯ್ತಿಯ ಒಬ್ಬ ಮೆಂಬರು. ಇಷ್ಟು ಜನ ಒಂದೇ ಕಡೆ ಸಿಗುವಾಗ ಸುಮ್ಮನಿರುತ್ತಾರೆಯೇ? ಶಾಮಿಯಾನದ ಕೆಳಗೆ ಒಂದು ಸ್ಟೂಲಿಗೆ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಹಲಸಿನ ಪೆಟ್ಟಿಗೆ ತೆರೆದಿಟ್ಟರು. ನಾಯಿಯವರೆಗೆ ಹನ್ನೊಂದು ಪ್ರಾಣಿ ಸಾಲಾಗಿ ಮಲಗಿದ್ದವು. ಬಂದವರು ದೇವರಿಗೆ ಕೈ ಮುಗಿಯುವ ಮೊದಲು ಅದಕ್ಕೆ ಮುಖ ತೋರಿಸಬೇಕು. ಹನ್ನೆರಡನೆಯದು ಹಂದಿ, ಅದೂ ಬಂದರೆ ಬೆಂಗಳೂರಿನ ನಾಣ್ಯ ಸಂಗ್ರಹದವರ ಸಂಘ ತನ್ನ ಪ್ರದರ್ಶನದಲ್ಲಿ ತಮ್ಮ ಹೆಸರು ಹಾಕಿ ಇಡೀ ಸೆಟ್ಟು ಇಡುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ ಎಂದು ಎಲ್ಲರಿಗೂ ಹೇಳಿದರು. ಹೇಳಿದ್ದನ್ನೇ ಮತ್ತೆ ಹೇಳಿದರು.

ಪೂಜೆಗೆ ಕೂತರು. ಅಕ್ಕ ಪಕ್ಕದಲ್ಲಿ. ಅಯ್ನೋರು ನವಧಾನ್ಯ ಹಾಕಿಸಿ, "ಬೆಳ್ಳಿ ನಾಣ್ಯ ಕೊಡಿ ಯಜಮಾನ್ರೇ" ಅಂದರು. ಭಾವ ಶಲ್ಯದ ಗಂಟಿನಿಂದ ಸವೆದುಹೋದ ಒಂದು ರೂಪಾಯಿ ಬಿಲ್ಲೆ ತೆಗೆದು ಕೊಟ್ಟರು.

ಅಯ್ನೋರು ಅದನ್ನು ತಿರುಗಿಸಿ ನೋಡಿದರು. "ಇದೇನ್ ಬುದ್ಧಿ, ಇದು ಸ್ಟೀಲು. ಬೆಳ್ಳಿ ಇಡ್ಬೇಕು ಹೊಸ್ತಿಲಿಗೆ."

"ಇರ್ಲಿ ಬಿಡಿ ಅಯ್ನೋರೇ, ಭಕ್ತಿ ಮುಖ್ಯ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪಂಚಾಯ್ತಿ ಮೆಂಬರು, "ಏನ್ ಸಿದ್ದಬಸಪ್ನೋರೇ, ಬೆಳ್ಳಿ ಪೆಟ್ಗೆ ಇಟ್ಕೊಂಡು ಬಾಗ್ಲಿಗೆ ಸ್ಟೀಲಾ?" ಅಂದರು. ಶಾಮಿಯಾನವೆಲ್ಲ ನಕ್ಕಿತು. ನಾನಂತೂ ಸೆರಗು ಬಾಯಿಗೆ ಹಿಡಿಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಭಾವನ ಕಿವಿ ಕೆಂಪಾಯಿತು. ಅಕ್ಕನ ಚೀಲದಲ್ಲಿ ಚಿನ್ನದಂಗಡಿಯವರು ದೀಪಾವಳಿಗೆ ಕೊಟ್ಟ ಬಟನ್ನಿನಷ್ಟು ದೊಡ್ಡ ಲಕ್ಷ್ಮಿ ಬಿಲ್ಲೆ ಇದ್ದದ್ದು ಅವರಿಗೆ ನೆನಪಾಯಿತು ಎಂದು ಕಾಣುತ್ತದೆ. ಎದೆ ಸೆಟೆಸಿ, ಎಲ್ಲರಿಗೂ ಕೇಳುವ ಹಾಗೆ, "ನಮ್ಮನೇಲಿ ಬೆಳ್ಳಿಗೇನ್ರೀ ಬರ? ಶಿವಗಂಗಾ, ಹೋಗು, ಬೆಳ್ಳಿ ತಗೊಂಡ್ ಬಾ" ಅಂದರು.

ಅಕ್ಕ ಎದ್ದಳು. ಚೀಲದ ಕಡೆ ಹೋಗಲಿಲ್ಲ. ನೆಟ್ಟಗೆ ಸ್ಟೂಲಿನ ಹತ್ತಿರ ಹೋಗಿ, ಪೆಟ್ಟಿಗೆಯೊಳಗೆ ಬರಿಗೈ ಹಾಕಿ, ಡ್ರ್ಯಾಗನ್ನನ್ನು ಎತ್ತಿಕೊಂಡಳು. ಹುಡುಕಲಿಲ್ಲ, ತಡವರಿಸಲಿಲ್ಲ. ತಂದು ಅಯ್ನೋರ ಕೈಗೆ ಕೊಟ್ಟಳು. ಅಯ್ನೋರು ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಗುಳಿಯಲ್ಲಿ ಕೂರಿಸಿ ಹಾಲು ಬಿಟ್ಟರು.

"ಅದು... ಅಯ್ನೋರೇ, ಅದು..." ಅಂದರು ಭಾವ.

"ರಾಹುಕಾಲ ಬತ್ತಾ ಐತೆ, ಎತ್ರಪ್ಪಾ!" ಎಂದು ಅಯ್ನೋರು ಕೂಗಿದರು. ಗಾರೆ ಕೆಲಸದವರು ಚೌಕಟ್ಟು ಎತ್ತಿದರು.

ಆಗ ಗಂಗಯ್ಯನವರು ಎದ್ದು ನಿಂತುಬಿಟ್ಟರು. ಹೆಡ್‌ಮಾಸ್ಟರಾಗಿದ್ದವರು, ನಾಲ್ಕು ಜನ ಕಂಡರೆ ಭಾಷಣ ತಡೆಯಲಾಗದು. "ನೋಡಿ, ಇದನ್ನ ದೊಡ್ಡಸ್ತಿಕೆ ಅಂತಾರೆ. ಇರೋದ್ರಲ್ಲಿ ಹನ್ನೊಂದನೇದನ್ನ, ಹತ್ತನೇದನ್ನ ಕೊಡ್ಲಿಲ್ಲ. ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನೇ ತಮ್ಮ ಮನೆ ಹೊಸ್ತಿಲಿಗೆ ಅರ್ಪಿಸಿದ್ರು!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನು ಕೈ ನೋಯುವ ಹಾಗೆ ತಟ್ಟಿದೆ. ಬಾಯಿಗೆ ಬಿದ್ದ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಭಾವ ಇಂಗು ತಿಂದ ಮಂಗನ ಹಾಗೆ ಎಲ್ಲರಿಗೂ ಕೈ ಮುಗಿದರು. ಚೌಕಟ್ಟು ಕೂತಿತು. ಮೇಸ್ತ್ರಿ ನಾಲ್ಕು ಬಾಂಡಲಿ ಗಾರೆ ಸುರಿದು ಕರಣೆಯಿಂದ ಸವರಿದ.

ಜನ ಊಟ ಮಾಡಿಕೊಂಡು ಹೋದ ಮೇಲೆ ಭಾವ ಅಕ್ಕನ ಮೇಲೆ ಹಾರಿದರು. "ಏನ್ ಮಾಡ್ಬಿಟ್ಟೆ ಗೊತ್ತೇನೇ? ಅದೇನು ಅಂತ ಗೊತ್ತಿತ್ತೇನೇ ನಿಂಗೆ?"

ಅಕ್ಕ ಎಂಜಲೆಲೆ ಎತ್ತುತ್ತಿದ್ದಳು. "ಗೊತ್ತಿತ್ತು. ನಮ್ಮವ್ವನ ಡಾಬು ಅದು."

"ಹಾಳಾಗೋಯ್ತಲ್ಲೇ!"

"ಎಲ್ಲಿ ಹಾಳಾಯ್ತು? ಬೆಳ್ಳಿ ಮನೇಲೇ ಐತೆ. ಮನೆಯಿಂದ ಏನ್ ಹೋಯ್ತು ಹೇಳಿ."

ಇಷ್ಟು ವರ್ಷ ಆ ಮಾತನ್ನು ಅಕ್ಕ ಎಲ್ಲಿ ಇಟ್ಟುಕೊಂಡಿದ್ದಳೋ. ಭಾವನಿಗೆ ಅದು ತಾನೇ ಆಡಿದ ಮಾತು ಎಂಬುದೂ ನೆನಪಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಮಾರನೆಯ ಬೆಳಿಗ್ಗೆಯೇ ಮೇಸ್ತ್ರಿಯ ಮನೆಗೆ ಓಡಿದರು. ಹೊಸ್ತಿಲು ಒಂದು ಮೂಲೆ ಎತ್ತಿ ಮತ್ತೆ ಕೂರಿಸಬಹುದಾ ಎಂದು ಕೇಳಿದರು. ಮೇಸ್ತ್ರಿ ಬೀಡಿ ಕೆಳಗಿಟ್ಟು, "ನಿಂತಿರೋ ವಾಸಕಾಲು ಕೀಳೋದಾ ಸಾಮಿ? ಬ್ಯಾರೆಯೋರ್ನ ನೋಡ್ಕಳಿ. ಕಿತ್ರೆ ಮನೆ ಯಜಮಾನ್ನೇ ಎತ್ಕೊಂಡೋಗೋದು" ಅಂದನಂತೆ. ಅಯ್ನೋರ ಹತ್ತಿರ ಹೋದರು. ಅವರೂ ಅದನ್ನೇ ಅಂದರು, ಇನ್ನಷ್ಟು ಗಂಭೀರವಾಗಿ. ಕಲ್ಲಿಗೊಂದು ಶಾಪದ ಕಥೆ ಕಟ್ಟಿ ಪರದೇಶದವರಿಗೆ ಮಾರುತ್ತಿದ್ದ ಮನುಷ್ಯ ಈ ಮಾತಿಗೆ ಗಡಗಡ ನಡುಗಿಬಿಟ್ಟರು. ಡ್ರ್ಯಾಗನ್ನಿನ ಮೇಲೆ ಆಸೆ ಎಷ್ಟಿದ್ದರೂ ಜೀವದ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು. ಹೊಸ್ತಿಲು ಇದ್ದ ಹಾಗೇ ಉಳಿಯಿತು, ಅದರ ಮೇಲೆ ಮನೆ ಎದ್ದಿತು.

ಇನ್ನೊಂದು ಡ್ರ್ಯಾಗನ್ ಕೊಂಡರಾಯಿತು ಎಂದು ಬೆಂಗಳೂರಿಗೆ ಹೋಗಿ ಕೇಳಿದರೆ, ಬೆಲೆ ಮುಗಿಲಿಗೇರಿತ್ತು. ಒಂದು ದಿನ ಅರಸೀಕೆರೆಯ ನಮ್ಮ ಮನೆಗೆ ಬಂದರು. ಎಂದೂ ಬರದವರು ಹಣ್ಣು ಹೂವು ತಂದಿದ್ದರು.

"ಮೀನಾಕ್ಷಿ, ನಿಮ್ಮವ್ವನ ಬೆಳ್ಳಿ ತಟ್ಟೆ ನಿನ್ನ ಹತ್ರ ಸುಮ್ನೆ ಬಿದ್ದಿದೆಯಲ್ಲ. ಬೆಳ್ಳಿಗೆ ಬೆಳ್ಳಿ ಕೊಡೋಣ. ಸೆಟ್ಟು ಪೂರ್ತಿ ಆಗುತ್ತೆ. ಪೇಪರ್‌ನಲ್ಲಿ ನಿನ್ನ ಹೆಸರೂ ಹಾಕಿಸ್ತೀನಿ."

ಆ ಕ್ಷಣ ನನಗೆ ಕೋಪ ಕೂಡ ಬರಲಿಲ್ಲ. ಕೋಪ ಬರುವುದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು. ಒಳಗೆ ಹೋಗಿ ತಟ್ಟೆ ತೆಗೆದು ತೊಳೆದೆ. ಅದರಲ್ಲಿ ಎರಡು ಬಿಸ್ಕತ್ತು ಇಟ್ಟು ತಂದು ಅವರ ಮುಂದೆ ಇಟ್ಟೆ. "ತಗೊಳ್ಳಿ ಭಾವ. ಬಿಸ್ಕತ್ತು ಮಾತ್ರ" ಅಂದೆ. ಅವರು ಎರಡನ್ನೂ ತಿಂದರು. ತಿನ್ನದೆ ಎದ್ದುಹೋಗಿದ್ದರೆ ಸ್ವಲ್ಪವಾದರೂ ಮರ್ಯಾದೆ ಉಳಿಯುತ್ತಿತ್ತು.

ಏಳರಲ್ಲಿ ಹಂದಿ ಬಂತು, ಮನೆಯೂ ಮುಗಿಯಿತು. ಪೆಟ್ಟಿಗೆಯ ಐದನೆಯ ಗುಳಿ ಮಾತ್ರ ಖಾಲಿ. ಕೇಳಿದವರಿಗೆ ಬ್ಯಾಂಕ್ ಲಾಕರಿನಲ್ಲಿದೆ ಅನ್ನುತ್ತಿದ್ದರು. ಗಂಗಯ್ಯನವರಂಥ, ಪೂಜೆಗೆ ಬಂದಿದ್ದವರು ಎದುರಿಗೆ ಸಿಕ್ಕರೆ ಮಾತು ತೋಟದ ಕಡೆ ತಿರುಗುತ್ತಿತ್ತು. ಸಂಘಕ್ಕೂ ಹನ್ನೆರಡೂ ಇದೆ ಎಂದೇ ಕಾಗದ ಬರೆದುಬಿಟ್ಟಿದ್ದರು. ಕಾಗದ ಹೋಗುತ್ತದೆ, ಉತ್ತರ ಬರುತ್ತದೆ, ಯಾರು ಬಂದು ನೋಡುತ್ತಾರೆ ಎಂಬ ಧೈರ್ಯ.

ಮರುವರ್ಷ ಸಂಘದವರು ನಿಜವಾಗಿಯೂ ಬಂದರು. ರವಿಕುಮಾರ್ ಅಂತ, ಸಂಘದ ಕಾರ್ಯದರ್ಶಿ, ಕ್ಯಾಮೆರಾ ಸಮೇತ. ಅವತ್ತು ಶುಕ್ರವಾರ, ಶಾಲೆಗೆ ರಜೆ ಇದ್ದದ್ದರಿಂದ ನಾನೂ ಅಲ್ಲಿದ್ದೆ. ಆತ ಪೆಟ್ಟಿಗೆ ನೋಡಿದರು. ಹುಲಿಯ ಮೀಸೆ ಎಲ್ಲಿ ಎಂದು ಕೇಳಿ ಮುಖ ಸಿಂಡರಿಸಿದರು. ಐದನೆಯ ಗುಳಿಯ ಮೇಲೆ ಬೆರಳಿಟ್ಟರು.

"ಡ್ರ್ಯಾಗನ್ ಎಲ್ಲಿ ಸಾರ್? ಅದಿಲ್ದೆ ಸೆಟ್ಟು ಅನ್ನೋಕಾಗಲ್ಲ."

"ಲಾಕರ್‌ನಲ್ಲಿದೆ ಸಾರ್. ಸೇಫ್ಟಿ. ಈಗ ಬ್ಯಾಂಕು ಮುಚ್ಚಿದೆ."

"ಪರವಾಗಿಲ್ಲ. ರಾತ್ರಿ ಬೇಲೂರಲ್ಲಿ ಉಳ್ಕೋತೀನಿ. ನಾಳೆ ಬ್ಯಾಂಕ್ ತೆಗೀತಿದ್ದ ಹಾಗೆ ನಾನೂ ಜೊತೆಗೆ ಬರ್ತೀನಿ. ಯಾವ ಬ್ಯಾಂಕು?"

ಭಾವ "ವೆರಿ ಗುಡ್ ಕ್ವೆಶ್ಚನ್" ಅಂದರು. ದೇವರಾಣೆಗೂ ಹಾಗೇ ಅಂದರು. ಆಮೇಲೆ ಮ್ಯಾನೇಜರು ರಜೆ ಅಂದರು, ಬೀಗದ ಕೈ ಎರಡು ಬೇಕು ಅಂದರು, ಬೇಲೂರು ಅಂದರು, ಅದೇ ಬಾಯಲ್ಲಿ ಹಾಸನ ಅಂದರು. ಅಷ್ಟರಲ್ಲಿ ರವಿಕುಮಾರರ ಮೊಬೈಲು ಹೊಡೆದುಕೊಂಡಿತು. ಒಳಗೆ ಸಿಗ್ನಲ್ ಸಿಗದೆ ಅವರು ಹಲೋ ಹಲೋ ಅನ್ನುತ್ತಾ ಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ಎರಡೂ ಕಾಲು ಊರಿ ನಿಂತು ಮಾತಾಡತೊಡಗಿದರು. ಬೆಂಗಳೂರಿನವರು, ಹೊಸ್ತಿಲು ತುಳಿಯಬಾರದು ಎಂಬುದು ಗೊತ್ತಿಲ್ಲ. ಭಾವನ ಕಣ್ಣು ಆ ಎರಡು ಕಾಲಿನ ಮೇಲೆ ನೆಟ್ಟಿತು. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

ಹೊತ್ತು ಮುಳುಗುತ್ತಿತ್ತು. ಅಕ್ಕ ಅಡುಗೆಮನೆಯಿಂದ ಎರಡು ಹಣತೆ ಹಿಡಿದುಕೊಂಡು ಬಂದಳು. ರವಿಕುಮಾರ್ ಫೋನ್ ಮುಗಿಸಿ ಅಲ್ಲಿಂದಲೇ ತಿರುಗಿ, "ನಿಜ ಹೇಳಿ ಸಾರ್, ಡ್ರ್ಯಾಗನ್ ನಿಮ್ಮ ಹತ್ರ ಇದೆಯೋ ಇಲ್ವೋ?" ಅಂದರು. ಭಾವ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಐತೆ ಸಾಮಿ" ಅಂದಳು ಅಕ್ಕ. "ವಸಿ ಕಾಲು ತೆಗೀರಿ. ಅದ್ರ ಮ್ಯಾಲೇ ನಿಂತಿದ್ದೀರಿ."

ಆತ ಬೆಂಕಿ ತುಳಿದವರ ಹಾಗೆ ಹಿಂದಕ್ಕೆ ಸರಿದರು. ಅಕ್ಕ ಸೆರಗಿನಿಂದ ಹೊಸ್ತಿಲು ಒರೆಸಿ, ಎರಡೂ ಕಡೆ ಹಣತೆ ಇಟ್ಟು ಹಚ್ಚಿದಳು. ಭಾವ ಪೆಟ್ಟಿಗೆ ಮುಚ್ಚಿ ಎದೆಗವಚಿಕೊಂಡು ಎದ್ದು ಒಳಗೆ ಹೋದರು. ಅಕ್ಕ ಎದ್ದು ನಿಂತು, ಬಂದವರಿಗೆ ನೀರು ಕೊಟ್ಟೆಯಾ ಎಂದು ನನ್ನನ್ನು ಕೇಳಿದಳು.